ಹೊಳೆ ದಾಟಿ ಬನ್ನಿ, ಕೊಪ್ಪಳ ನೋಡಿ

ಹಂಪಿಗೆ ಹೋದವರು ವಿರೂಪಾಕ್ಷನ ದರ್ಶನ ಮಾಡುತ್ತಾರೆ, ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆಗೆ ಮಾತಂಗ ಬೆಟ್ಟ ಹತ್ತಿ ಉತ್ತರಕ್ಕೆ ಕಣ್ಣು ಹಾಯಿಸುತ್ತಾರೆ. ಕೆಳಗೆ ತುಂಗಭದ್ರೆ. ಆಚೆ ದಂಡೆಯಲ್ಲಿ ಬಂಡೆ, ಬಂಡೆಯ ಮೇಲೆ ಬಂಡೆ, ನಡುನಡುವೆ ಗದ್ದೆಯ ಹಸಿರು. ಎಷ್ಟು ಚೆಂದ ಎಂದುಕೊಂಡು ಇಳಿದು ಬಸ್ಸು ಹಿಡಿಯುತ್ತಾರೆ. ಆ ಬಂಡೆಗಳ ನಾಡೇ ಕೊಪ್ಪಳ ಜಿಲ್ಲೆ. ವಿಜಯನಗರ ಹುಟ್ಟುವುದಕ್ಕೆ ಸಾವಿರದೈನೂರು ವರ್ಷ ಮೊದಲೇ ಅಶೋಕ ಚಕ್ರವರ್ತಿಯ ಮಾತು ಅಲ್ಲಿಯ ಬಂಡೆಯ ಮೇಲೆ ಕೂತಿತ್ತು. ಅಶೋಕನಿಗಿಂತ ಹಿಂದಿನಿಂದಲೂ ಯಾರೋ ಅಲ್ಲಿ ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಊರನ್ನೇ ಕಟ್ಟುತ್ತಿದ್ದರು. ಇದೆಲ್ಲ ಇವತ್ತಿಗೂ ಇದೆ. ಕುರಿ ಮೇಯುವ ಗುಡ್ಡದಲ್ಲಿ, ಮಠದ ಹಿಂದಿನ ಬಂಡೆಯಲ್ಲಿ, ಜೋಳದ ಹೊಲಗಳ ಊರಿನಲ್ಲಿ, ಜನರ ದಿನದ ಬದುಕಿನ ನಡುವೆಯೇ ಇದೆ!

ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. 2011ರ ಜನಗಣತಿಯ ಪ್ರಕಾರ ಹದಿಮೂರು ಲಕ್ಷ ಎಂಬತ್ತೊಂಬತ್ತು ಸಾವಿರಕ್ಕೂ ಹೆಚ್ಚು ಜನ. ಅವರಲ್ಲಿ ಐವರಲ್ಲಿ ನಾಲ್ವರು ಹಳ್ಳಿಯವರೇ. ಯಲಬುರ್ಗಾದ ಕಡೆ ಕಣ್ಣು ಹರಿದಷ್ಟೂ ಎರೆಭೂಮಿ, ಅದರ ಮೇಲೆ ಜೋಳ, ಕಡಲೆ. ಕುಷ್ಟಗಿಯ ಕಡೆ ಕೆಂಪು ಮಸಾರಿ. ಇಲ್ಲೆಲ್ಲ ಮುಗಿಲು ನೋಡಿ ಬಿತ್ತುವ ಬೇಸಾಯ. ಗಂಗಾವತಿಯ ಕಡೆ ಹೊರಳಿದರೆ ಬೇರೆ ದೇಶಕ್ಕೇ ಬಂದಂತೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ದಿಗಂತದವರೆಗೆ ಭತ್ತ. 1953ರಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಮೂಡಿದ ಹಸಿರು ಅದು. ಒಂದೇ ಜಿಲ್ಲೆಯಲ್ಲಿ ಒಬ್ಬ ರೈತ ಮಳೆಗಾಗಿ ಮುಗಿಲು ನೋಡುತ್ತಾನೆ, ಇನ್ನೊಬ್ಬ ಕಾಲುವೆಗೆ ನೀರು ಬಿಡುವ ದಿನ ಎಣಿಸುತ್ತಾನೆ. ಆದರೆ ಇಬ್ಬರ ಹೊಲದ ಅಂಚಿನಲ್ಲೂ ಎಲ್ಲಾದರೂ ಒಂದು ಗುಂಡು ಕೂತೇ ಇರುತ್ತದೆ.

ಆ ಗುಂಡುಗಳ ವಯಸ್ಸು ಕೇಳಿದರೆ ತಲೆ ತಿರುಗುತ್ತದೆ. ಆನೆಗೊಂದಿ, ಗಂಗಾವತಿ ಸೀಮೆಯ ಗ್ರಾನೈಟು ಹುಟ್ಟಿದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದ ಆಳದಲ್ಲಿ. ಮೇಲಿನ ಮಣ್ಣು, ಕಲ್ಲು ಸವೆದು ಹೋದಂತೆ ಅದು ಹೊರಗೆ ಕಂಡಿತು; ಬಿರುಕುಗಳಲ್ಲಿ ನೀರು ಇಳಿಯಿತು; ಮೂಲೆಗಳು ಮೊದಲು ಕರಗಿ, ನಡುವಿನ ಗಟ್ಟಿ ತಿರುಳು ಗುಂಡಾಗಿ ಉಳಿಯಿತು. ಯಾವ ದೈತ್ಯನೂ ತಂದು ಪೇರಿಸಿದ್ದಲ್ಲ, ಇದ್ದಲ್ಲೇ ಇದ್ದು ಹೀಗಾದದ್ದು! ಕಿಷ್ಕಿಂಧೆಯ ವಾನರರು ಎತ್ತೆಸೆದ ಕಲ್ಲುಗಳಿವು ಎಂದು ಇಲ್ಲಿಯ ಜನ ಹೇಳುವಾಗಲೂ ನನಗೆ ಮೈ ಜುಮ್ಮೆನ್ನುತ್ತದೆ, ನೀರು ಮತ್ತು ಬಿಸಿಲು ಕೂಡಿ ಮಾಡಿದ ಕೆಲಸ ಎಂದು ತಿಳಿದಾಗಲೂ ಅಷ್ಟೇ ಜುಮ್ಮೆನ್ನುತ್ತದೆ.

ಈಗ ಹಿರೇಬೆಣಕಲ್ಲಿಗೆ ಬನ್ನಿ. ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರಿನಷ್ಟು ದೂರ. ಊರು ದಾಟಿದರೆ ಗುಡ್ಡದ ಸಾಲು. ಮೇಲಕ್ಕೆ ವಾಹನದ ದಾರಿಯಿಲ್ಲ, ಕಾಲ್ನಡಿಗೆಯೇ ಗತಿ. ಹಾಸುಬಂಡೆ, ಮುಳ್ಳುಕಂಟಿ, ಮತ್ತೆ ಹಾಸುಬಂಡೆ. ನಡುವೆ ಬಂಡೆಯ ಮರೆಯಲ್ಲಿ ತಲೆಯೆತ್ತಿದರೆ ಕೆಮ್ಮಣ್ಣಿನ ಬಣ್ಣದಲ್ಲಿ ಚಿತ್ರಗಳು: ಕೈ ಕೈ ಹಿಡಿದು ಕುಣಿಯುವ ಜನ, ಜಿಂಕೆ, ಕುದುರೆ, ಆಯುಧ ಹಿಡಿದವರು. ಇಷ್ಟಕ್ಕೇ ಬಂದ ಶ್ರಮ ಸಾರ್ಥಕ ಎನಿಸಿ ಕೂತುಬಿಡುವ ಮನಸ್ಸಾಗುತ್ತದೆ. ಕೂರಬೇಡಿ. ಇನ್ನೂ ಮೇಲೆ ಹೋಗಿ.

ಮೇಲೆ ಬಯಲು ತೆರೆದುಕೊಳ್ಳುತ್ತದೆ. ಆ ಬಯಲಿನ ತುಂಬ ಮನೆಗಳು! ಕಲ್ಲಿನ ಚಪ್ಪಡಿ ನಿಲ್ಲಿಸಿದ ಗೋಡೆ, ಮೇಲೆ ಒಂದೇ ಚಪ್ಪಡಿಯ ಮಾಳಿಗೆ, ಎದುರಿನ ಗೋಡೆಯಲ್ಲಿ ಕೊರೆದ ಗುಂಡನೆಯ ಕಿಂಡಿ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರವನ್ನೂ ಮೀರಿದವು. ಒಂದರ ಪಕ್ಕ ಒಂದು, ಒಂದರ ಹಿಂದೆ ಇನ್ನೊಂದು, ಓಣಿ ಬಿಟ್ಟು ಕಟ್ಟಿದ ಹಾಗೆ. ಸುತ್ತಲಿನ ಇತರ ರಚನೆಗಳನ್ನೂ ಸೇರಿಸಿದರೆ ಸುಮಾರು ನಾಲ್ಕುನೂರು. ಇವು ಬದುಕಿದ್ದವರ ಮನೆಗಳಲ್ಲ. ಕಬ್ಬಿಣದ ಯುಗದ ಜನ ತೀರಿಕೊಂಡವರಿಗಾಗಿ ನಿಲ್ಲಿಸಿದ ಬೃಹತ್ ಶಿಲಾಸಮಾಧಿಗಳು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಗಾಳಿ ಮಳೆಗೆ ಎದೆಯೊಡ್ಡಿ ನಿಂತಿವೆ. ಸುತ್ತಲಿನ ಊರವರು ಇದನ್ನು ಮೋರೇರ ಗುಡ್ಡ ಎನ್ನುತ್ತಾರೆ. ಮೋರೇರು ಮೂರಡಿ ಎತ್ತರದ ಕುಳ್ಳರು, ಅದಕ್ಕೇ ಇಷ್ಟು ಚಿಕ್ಕ ಮನೆ ಕಟ್ಟಿಕೊಂಡರು ಎಂಬುದು ಅವರ ಕತೆ.

ಒಂದು ಸಮಾಧಿಯ ಬುಡಕ್ಕೆ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ನಿಲ್ಲಿಸಿದ ಚಪ್ಪಡಿಯ ಅಡಿಗೆ ಮುಷ್ಟಿಗಾತ್ರದ ಕಲ್ಲುಚೂರುಗಳನ್ನು ತುರುಕಿದ್ದಾರೆ. ಅಡಿಪಾಯ ತೋಡಲು ಇಲ್ಲಿ ಮಣ್ಣೇ ಇಲ್ಲವಲ್ಲ, ಎಲ್ಲ ಬರಿ ಬಂಡೆ! ಚಪ್ಪಡಿ ನಿಂತಿರುವುದು ತನ್ನ ತೂಕದಿಂದ, ಪಕ್ಕದ ಚಪ್ಪಡಿಯ ಒತ್ತಿನಿಂದ, ಈ ಚೂರುಗಳ ಬಿಗಿಯಿಂದ. ಟನ್ನುಗಟ್ಟಲೆ ಭಾರವನ್ನು ಸಮಕ್ಕೆ ತರಲು ಯಾರೋ ಒಬ್ಬ ಇಲ್ಲೇ ಹೀಗೇ ಕೂತು, ಒಂದು ಚೂರು ತೆಗೆದು, ಇನ್ನೊಂದು ಇಟ್ಟು, ಮೇಲಿದ್ದವರಿಗೆ ಕೂಗಿ ಹೇಳಿರಬೇಕು. ಆ ಚೂರನ್ನು ಕೊನೆಯದಾಗಿ ಮುಟ್ಟಿದ್ದು ಅವನ ಬೆರಳು. ಇಷ್ಟು ಹತ್ತಿರಕ್ಕೆ ಯಾವ ವಸ್ತುಸಂಗ್ರಹಾಲಯವೂ ನನ್ನನ್ನು ಕರೆದೊಯ್ದಿಲ್ಲ.

ಚಪ್ಪಡಿಗಳನ್ನು ಎಲ್ಲಿಂದ ತಂದರು? ಎಲ್ಲಿಂದಲೂ ಇಲ್ಲ. ಇಲ್ಲಿಯ ಗ್ರಾನೈಟಿನ ಮೇಲ್ಮೈ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಆ ಪದರಗಳನ್ನು ಎಬ್ಬಿಸಿ, ಅಂಚು ಒಡೆದು, ಅಲ್ಲಲ್ಲೇ ನಿಲ್ಲಿಸಿದರು. ಸಮಾಧಿಗಳ ಮಗ್ಗುಲಲ್ಲೇ ಒಂದು ಹೊಂಡವಿದೆ. ಕಲ್ಲು ತೆಗೆದ ಜಾಗ ಅದು; ಕಲ್ಲು ತೆಗೆದ ಮೇಲೆ ಮಳೆನೀರು ನಿಂತಿತು. ಗಣಿಯೂ ಅದೇ, ಕೆರೆಯೂ ಅದೇ.

ಇದೇ ಗುಡ್ಡದಲ್ಲಿ ಒಂದು ಕಲ್ಲಿನ ನಗಾರಿಯೂ ಇದೆ. ಹತ್ತು ಮೀಟರಿನಷ್ಟು ಎತ್ತರದ ಬಂಡೆಯೊಂದರ ಮೇಲೆ ಅರ್ಧಗೋಳದ ಕಲ್ಲೊಂದು ಕೂತಿದೆ. ಅಡ್ಡಳತೆ ಎರಡು ಮೀಟರಿನಷ್ಟು, ಎತ್ತರ ಒಂದೂವರೆ ಮೀಟರು. ಕುರಿ ಕಾಯುವ ಹುಡುಗನೊಬ್ಬ ಸರಸರನೆ ಹತ್ತಿ ಕೈಯಲ್ಲಿದ್ದ ಬಡಿಗೆಯಿಂದ ತಟ್ಟಿದ. ಢಣ್! ಕಲ್ಲು ಹೊಡೆದರೆ ಬರುವ ಮೊಂಡು ಸದ್ದಲ್ಲ. ಲೋಹದ ನಾದ, ಗುಡ್ಡದಿಂದ ಗುಡ್ಡಕ್ಕೆ ಹಾಯುವಂಥದು. ಜೋರಾಗಿ ಹೊಡೆದರೆ ಒಂದು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ಕೆಳಗೆ ನಿಂತಿದ್ದ ಮುದುಕನನ್ನು ಕೇಳಿದೆ, “ಯಜ್ಜಾ, ಇದನ್ನ ಯಾಕ ಬಾರಸ್ತಿದ್ರು?”

“ಮಂದಿ ಕೂಡಸಾಕ ತಮ್ಮಾ. ಸುದ್ದಿ ಮುಟ್ಟಸಾಕ. ಈಗ ನಿಮ್ಮ ಹಂತ್ಯಾಕ ಫೋನ್ ಐತಿ, ಅವರ ಹಂತ್ಯಾಕ ಇದಿತ್ತು.”

ಸಾವಿನ ಸುದ್ದಿಯೋ, ಶತ್ರುವಿನ ಸುದ್ದಿಯೋ, ಹಬ್ಬದ ಕರೆಯೋ! ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್ಲು ಸೇರಿದ್ದು 2021ರಲ್ಲಿ. ಅದು ಪೂರ್ಣ ಪಟ್ಟಿಗೆ ಏರಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಏರಿದ ಮೇಲೂ ಆ ಹುಡುಗ, ಆ ಯಜ್ಜ, ಅವರ ಕುರಿಗಳು ಅಲ್ಲಿಯೇ ಇರಬೇಕು ಎಂದೂ ಅಷ್ಟೇ ಬಲವಾಗಿ ಬಯಸುತ್ತೇನೆ. ಗುಡ್ಡದ ಪ್ರತಿ ಕಿಂಡಿಯ ಗುರುತೂ ಇರುವುದು ಅವರಿಗೆ. ಅಂದ ಹಾಗೆ, ಕುರಿಗಾಹಿಗಳ ಇದೇ ಸೀಮೆಯಲ್ಲಿ ತೋಳಗಳೂ ಬದುಕಿವೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಅವುಗಳಿಗೆಂದೇ ತೋಳಧಾಮವಿದೆ. ಹುಲಿ, ಆನೆಗಳಿಗೆ ಕಾಡು ಮೀಸಲಿಟ್ಟದ್ದನ್ನು ಬೇಕಾದಷ್ಟು ಕೇಳಿದ್ದೇವೆ. ತೋಳಕ್ಕೆ ಕುರುಚಲು ಬಯಲೇ ಮನೆ ಎಂದು ತಿಳಿದು ಆ ಬಯಲನ್ನು ಕಾದಿಟ್ಟ ಜಾಗಗಳು ಈ ದೇಶದಲ್ಲಿ ತೀರ ಕಡಿಮೆ.

ಕೊಪ್ಪಳ ಪಟ್ಟಣದ ಅಂಚಿಗೇ ಗವಿಮಠದ ಗುಡ್ಡ. ಭಕ್ತರು ಗವಿಸಿದ್ಧೇಶ್ವರನ ಗದ್ದುಗೆಗೆ ನಮಸ್ಕರಿಸಿ, ಪ್ರಸಾದ ಮಾಡಿ ಹೊರಡುತ್ತಾರೆ. ಇನ್ನೊಂದಿಷ್ಟು ಮೇಲೆ ಹೋದರೆ ಚಾಚಿದ ಬಂಡೆಯ ನೆರಳಲ್ಲಿ ಎಂಟು ಸಾಲು ಬರಹವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕ್ರಿಸ್ತಪೂರ್ವ ಮೂರನೇ ಶತಮಾನದ ಕೈ. ಬಂಡೆಯ ಮರೆ ಮಳೆಯಿಂದ ಕಾಪಾಡಿದ್ದರಿಂದ ಅಕ್ಷರಗಳು ಇಂದಿಗೂ ಸ್ಪಷ್ಟ. ಅಶೋಕ ಆಡಿದ್ದು ಏನು? ಧರ್ಮಕ್ಕೆ ಬಂದು ಎರಡೂವರೆ ವರ್ಷವಾಯಿತು, ಮೊದಲ ವರ್ಷ ತಾನು ಹೆಚ್ಚೇನೂ ಶ್ರಮಪಡಲಿಲ್ಲ ಎಂದು ಚಕ್ರವರ್ತಿಯೊಬ್ಬ ಇಡೀ ರಾಜ್ಯಕ್ಕೆ ಒಪ್ಪಿಸುತ್ತಿದ್ದಾನೆ! ಆಮೇಲೆ ಸಂಘಕ್ಕೆ ಹತ್ತಿರವಾಗಿ ಶ್ರಮಪಟ್ಟದ್ದನ್ನು, ಅದರ ಫಲವನ್ನು ಹೇಳುತ್ತಾನೆ. ಈ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರಮಿಸಿದರೆ ಸಣ್ಣವನಿಗೂ ಸ್ವರ್ಗ ಸಿಗುತ್ತದೆ ಎನ್ನುತ್ತಾನೆ. ಗಡಿಯಾಚೆಯವರಿಗೂ ಇದು ತಿಳಿಯಲಿ, ಬಹುಕಾಲ ಉಳಿಯಲಿ ಎಂದು ಆಶಿಸುತ್ತಾನೆ. ಉಳಿದಿದೆ. ಎರಡು ಸಾವಿರದ ಇನ್ನೂರು ವರ್ಷ ದಾಟಿ ಉಳಿದಿದೆ.

ಅಲ್ಲಿಂದ ಕಾಣುವ ಇನ್ನೊಂದು ಗುಡ್ಡವೇ ಪಾಲ್ಕಿಗುಂಡು. ಎರಡು ಬಂಡೆಗಳ ಮೇಲೆ ಮೂರನೆಯದು ಅಡ್ಡಲಾಗಿ ಕೂತ ಆಕಾರ ಊರಿನ ಯಾವ ಮೂಲೆಯಿಂದ ನೋಡಿದರೂ ಪಲ್ಲಕ್ಕಿಯೇ. ಅಲ್ಲಿಯೂ ಅಶೋಕನ ಶಾಸನವಿದೆ, ಇದಕ್ಕಿಂತ ಹೆಚ್ಚು ಸವೆದದ್ದು. ಒಂದೇ ಊರಿನಲ್ಲಿ ಎರಡು! ಇವೆರಡನ್ನೂ 1931ರಲ್ಲಿ ಬೆಳಕಿಗೆ ತಂದವರು ಕೊಪ್ಪಳದವರೇ ಆದ ಎನ್.ಬಿ. ಶಾಸ್ತ್ರಿ. ಇದಕ್ಕೆ ಹದಿನಾರು ವರ್ಷ ಮೊದಲು, 1915ರಲ್ಲಿ, ಪಕ್ಕದ ರಾಯಚೂರು ಸೀಮೆಯ ಮಸ್ಕಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಕಂಡ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿ, ಉಳಿದ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬ ದೊರೆ ಯಾರು ಎಂಬ ದೊಡ್ಡ ಒಗಟು ಬಿಡಿಸಿಕೊಂಡಿತ್ತು. ಇಷ್ಟು ಹತ್ತಿರ ಹತ್ತಿರದಲ್ಲಿ ಇಷ್ಟೊಂದು ಶಾಸನ ಇರಬೇಕಾದರೆ ಆ ಕಾಲಕ್ಕೇ ಇಲ್ಲಿ ಎಂಥ ಜನವಸತಿ, ಎಂಥ ಓಡಾಟ ಇದ್ದಿರಬೇಕು! ಪಾಟಲಿಪುತ್ರದ ಮಾತು ಬಂದು ಮುಟ್ಟಲೇಬೇಕಾದ ಊರು ಇದಾಗಿತ್ತು.

ಪಾಲ್ಕಿಗುಂಡಿನ ಶಾಸನ ನೋಡಿ ಹಾಗೇ ಇಳಿಯಬೇಡಿ. ಅದೇ ಗುಡ್ಡದಲ್ಲಿ ಬಂಡೆಗೆ ಕೊರೆದ ಒಂದು ಜೊತೆ ಪಾದಗಳಿವೆ. ಸಂಸ್ಕೃತದಲ್ಲಿ ‘ವರಾಂಗಚರಿತ’ ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳು ಅವು. ಚಾವಯ್ಯ ಎಂಬವನು ಮಾಡಿಸಿದ್ದು ಎಂದು ಪಕ್ಕದಲ್ಲೇ ಹಳಗನ್ನಡದಲ್ಲಿ ಕೊರೆದಿದೆ. ಆಗ ಈ ಊರು ಕೊಪಣ, ಜೈನರ ಮಹಾತೀರ್ಥ. ನೂರಾರು ಬಸದಿಗಳಿದ್ದ ಊರು. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತೆ ಕೊಪಣವೂ ಒಂದು. ನಾವು ಇವತ್ತು ಆಡುವ ಈ ಮಾತಿನ ಗಟ್ಟಿ ನೆಲ ಎಂದು ನಮ್ಮ ಮೊದಲ ಲಕ್ಷಣಗ್ರಂಥ ಬೊಟ್ಟು ಮಾಡಿ ತೋರಿಸಿದ ಜಾಗದಲ್ಲಿ, ಹೋಟೆಲೊಂದರ ಬೆಂಚಿನ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತ ಸುತ್ತಲಿನವರ ಮಾತು ಕೇಳುವುದಿದೆಯಲ್ಲ, ಅದರ ಸುಖ ಬೇರೆಯೇ.

ಕೋಟೆಯೂ ಇದೆ. ಟಿಪ್ಪು ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳಿಂದ ಭದ್ರಗೊಳಿಸಿದ್ದು, 1790ರಲ್ಲಿ ಬ್ರಿಟಿಷ್ ಮತ್ತು ನಿಜಾಮರ ಪಡೆಗಳನ್ನು ಆರು ತಿಂಗಳು ಹೊರಗೇ ನಿಲ್ಲಿಸಿದ್ದು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡುತ್ತ ಪ್ರಾಣ ಬಿಟ್ಟದ್ದೂ ಇದೇ ಕೋಟೆಯಲ್ಲಿ.

ಬಂಡೆಯ ನಾಡು ಬಿಟ್ಟು ಎರೆಯ ನಾಡಿಗೆ, ಕುಕನೂರಿನ ಕಡೆಗೆ ಹೊರಟರೆ ಇಟಗಿ. ಸುತ್ತ ಹೊಲ, ಸಣ್ಣ ಊರು, ಊರಿನ ಮಗ್ಗುಲಲ್ಲಿ ಮಹಾದೇವ ದೇವಾಲಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಅಲ್ಲಿಯ ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದೇ ಕರೆದಿದೆ. ಅದು ಹೊಗಳಿಕೆಯ ಮಾತಲ್ಲ ಎಂದು ಒಳಗೆ ಕಾಲಿಟ್ಟ ಕ್ಷಣ ಗೊತ್ತಾಗುತ್ತದೆ. ಬಳಪದ ಕಲ್ಲಿನ ಕಂಬಗಳು. ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ತಿರುಗಣೆಗೆ ಕೊಟ್ಟು ಕಡೆದಿದ್ದಾರೆ. ಕಂಬದ ನಡು ಸುತ್ತಿ ಬಂದ ಒಂದು ಅಂಚಿನ ಮೇಲೆ ಉಗುರು ಆಡಿಸಿದೆ. ಕೂದಲೆಳೆಯಷ್ಟು ಚೂಪು ಇನ್ನೂ ಇದೆ, ಒಂಬೈನೂರು ವರ್ಷದ ಮೇಲೂ! ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಈ ದಂಡನಾಯಕ ತಂದೆಯ ನೆನಪಿಗೆ ಮೂರ್ತಿನಾರಾಯಣ ಗುಡಿ, ತಾಯಿಯ ನೆನಪಿಗೆ ಚಂದ್ರಲೇಶ್ವರಿ ಗುಡಿ ಎಂದು ಅದೇ ಆವರಣದಲ್ಲಿ ಕಟ್ಟಿಸಿದ. ಚಕ್ರವರ್ತಿಯ ಸೇನೆ ನಡೆಸಿದವನು ಅಪ್ಪ ಅವ್ವನ ಹೆಸರು ಉಳಿಸಲು ಕಲ್ಲುಕುಟಿಗರನ್ನು ಕರೆಸಿದ್ದಾನೆ. ಹಿರೇಬೆಣಕಲ್ಲಿನ ಚಪ್ಪಡಿಗಳಿಂದ ಇಲ್ಲಿಗೆ ಬಂದರೆ ಕೈಚಳಕ ಎಷ್ಟೋ ದೂರ ನಡೆದಿದೆ, ಬಯಕೆ ಮಾತ್ರ ಅದೇ.

ಕಲ್ಲು ಸಾಕು, ಮರಕ್ಕೆ ಬರೋಣ. ಕೊಪ್ಪಳದಿಂದ ಸ್ವಲ್ಪ ದೂರದ ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳಿವೆ. ಹಂಪಿಯ ವೈಭವದ ಕಾಲದಿಂದ ಬಂದ ವಿದ್ಯೆ ನಮ್ಮದು ಎಂದು ಅವರು ಹೇಳಿಕೊಳ್ಳುತ್ತಾರೆ. ಅಂಗಳದಲ್ಲಿ ಕೂತು ಕೆಲಸ ನೋಡಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಗುರ ಮರದಲ್ಲಿ ತಲೆ, ತೋಳು, ಮುಂಡ ಬೇರೆ ಬೇರೆ ಕೆತ್ತುತ್ತಾರೆ. ಹುಣಸೆ ಬೀಜ ನೆನೆಸಿ ಅರೆದು ಕಾಸಿದ ಅಂಟಿನಿಂದ ಜೋಡಿಸುತ್ತಾರೆ. ಗೋಣಿಚೀಲದ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಅಂಟಿನಲ್ಲಿ ಕಲಸಿದರೆ ಕಿಟ್ಟ. ಅದನ್ನು ಮೈಗೆಲ್ಲ ಮೆತ್ತಿ ಸಂದು ಮುಚ್ಚುತ್ತಾರೆ, ಮೇಲೆ ಅರಳೆಯ ಚೂರು ಅಂಟಿಸುತ್ತಾರೆ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಅಷ್ಟಾದ ಮೇಲೆಯೇ ಬಣ್ಣ. ಒಡವೆಗಳಂತೂ ನೋಡಬೇಕು. ಕಲ್ಲುಪುಡಿಯ ಅಂಟನ್ನು ಎಳೆ ಎಳೆಯಾಗಿ ಬಿಟ್ಟು ಸರ, ಡಾಬು, ತೋಳಬಂದಿ ಎಬ್ಬಿಸುತ್ತಾರೆ. ಲೋಹದ ಪುಡಿಯ ಲೇಪ ಕೊಟ್ಟು ಉಜ್ಜಿ ಹೊಳಪು ತಂದು ಚಿನ್ನದ ಕಳೆ ಕಟ್ಟುತ್ತಾರೆ.

ಅಂಗಳದ ತಾಯಿಯೊಬ್ಬಳು ಗೌರಮ್ಮನ ಮುಖ ಬರೆಯುತ್ತಿದ್ದಳು. ಮೈಯೆಲ್ಲ ಮುಗಿದಿತ್ತು, ಹಸಿರು ಸೀರೆ, ಕೆಂಪು ಕುಪ್ಪಸ, ಕೊರಳ ತುಂಬ ಸರ. ಕಣ್ಣೊಂದೇ ಬಾಕಿ. “ಕಣ್ಣು ಕಡೀಕ ಯಾಕ್ರೀ ಅವ್ವಾರ?” ಎಂದೆ. “ಕಣ್ಣ ಬಿಟ್ಟ ಮ್ಯಾಲ ಆಕಿ ದೇವರು. ದೇವರ ಮೈಮ್ಯಾಲ ಕೈ ಇಟಗೊಂಡ ಕುಂಡ್ರಾಕ ಆಕ್ಕೈತೇನು?” ಎಂದಳು, ಕುಂಚ ಎತ್ತಿದಳು, ಉಸಿರು ಹಿಡಿದು ಎರಡು ಗೆರೆ ಎಳೆದಳು. ಗೌರಮ್ಮ ನನ್ನನ್ನೇ ನೋಡುತ್ತಿದ್ದಳು! ಕಿನ್ನಾಳದ ಗೊಂಬೆಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಅದಕ್ಕಿಂತ ಹೆಚ್ಚಿಗೆ ಬೇಕಾಗಿರುವುದು ಕೊಳ್ಳುವವರು. ಪ್ಲಾಸ್ಟಿಕ್ ಗೊಂಬೆಗೆ ಕೊಡುವ ಹಣಕ್ಕೆ ಇನ್ನಷ್ಟು ಸೇರಿಸಿ ಇಲ್ಲೊಂದು ಗೊಂಬೆ ತೆಗೆದುಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ.

ಗೊಂಬೆಯ ಮಾತು ಬಂದಮೇಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರನ್ನು ನೆನೆಯದೆ ಇರುವುದು ಹೇಗೆ? ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿ, ಕೊರೆದು, ಬಣ್ಣ ತುಂಬಿ, ದೀಪದ ಮುಂದೆ ಆಡಿಸುವ ತೊಗಲುಗೊಂಬೆಯಾಟದಲ್ಲಿ ಜೀವನವನ್ನೇ ಸವೆಸಿದವರು. 2025ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಪದ್ಮಶ್ರೀ ಪಡೆದರು. ರಾಮಾಯಣ, ಮಹಾಭಾರತವನ್ನು ಪರದೆಯ ಹಿಂದೆ ನಿಂತು ಊರೂರಿಗೆ ಹೊತ್ತೊಯ್ದ ಈ ಅವ್ವನ ಕಲೆ ದೇಶದ ಗಡಿಯನ್ನೂ ದಾಟಿ ಹೋಗಿ ಬಂದಿದೆ.

ತಿರುಗಿ ಹೊಳೆಯ ದಂಡೆಗೆ ಬಂದರೆ ಆನೆಗೊಂದಿ. ಹಂಪಿಗಿಂತ ಮೊದಲಿನ ಊರು ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಅಂಜನಾದ್ರಿಯ ಮೆಟ್ಟಿಲಲ್ಲಿ ಜಾತ್ರೆಯಷ್ಟು ಜನ, ಪಂಪಾಸರೋವರ, ನಡುಹೊಳೆಯ ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ಒಂಬತ್ತು ಬೃಂದಾವನ, ಅವುಗಳಲ್ಲಿ ಕೃಷ್ಣದೇವರಾಯನ ಗುರು ವ್ಯಾಸರಾಯರದೂ ಒಂದು. ಆದರೆ ನನ್ನ ಮನಸ್ಸು ನೆಟ್ಟದ್ದು ಹರಿಗೋಲಿನ ಮೇಲೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಹೊಳೆ ದಾಟುವ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ: ದುಂಡಗಿನ ಬುಟ್ಟಿಗಳು, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಸಾಗುವಾಗ ಗಿರಗಿರ ತಿರುಗುತ್ತವೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಬಿದಿರಿನ ಹೆಣಿಗೆ ಅದೇ, ಹುಟ್ಟು ಅದೇ, ಗಿರಗಿರ ತಿರುಗುವುದೂ ಅದೇ! ಐನೂರು ವರ್ಷದ ಹಿಂದೆ ಒಬ್ಬ ಪರದೇಶಿ ಬೆರಗಿನಿಂದ ಕಂಡದ್ದರಲ್ಲಿ ಇವತ್ತು ನಾವು ಕೂತು ಹೊಳೆ ನೋಡಬಹುದು.

ಹೊರಡುವುದಾದರೆ ಜನವರಿಯಲ್ಲಿ ಹೊರಡಿ. ಪುಷ್ಯ ಬಹುಳ ಬಿದಿಗೆಗೆ ಗವಿಸಿದ್ಧೇಶ್ವರನ ತೇರು. ಲಕ್ಷ ಲಕ್ಷ ಜನ. ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿದು ಒಣಗಿಸಿ, ಕಟ್ಟಿ, ಟ್ರ್ಯಾಕ್ಟರು ಚಕ್ಕಡಿಗಳಲ್ಲಿ ತುಂಬಿ ಮಠದ ದಾಸೋಹಕ್ಕೆ ಕಳಿಸುತ್ತಾರೆ; ರೊಟ್ಟಿಯ ಲೆಕ್ಕ ಲಕ್ಷಗಳಲ್ಲಿ. ಯಾರ ಮನೆಯ ಜೋಳ, ಯಾರ ಕೈಯ ರೊಟ್ಟಿ, ಯಾರ ತಟ್ಟೆಗೆ ಎಂದು ಕೇಳುವವರಿಲ್ಲ. ಸಾಲಿನಲ್ಲಿ ಕೂತರೆ ರೊಟ್ಟಿ, ಪಲ್ಯ, ಮಾದಲಿ ಬಂದು ಬೀಳುತ್ತದೆ, “ಇನ್ನಷ್ಟು ತೊಗೋರಿ” ಎಂಬ ಉಪಚಾರದ ಜೊತೆಗೆ. ಕೊಪ್ಪಳಕ್ಕೆ ಹುಬ್ಬಳ್ಳಿ–ಗುಂತಕಲ್ ಮಾರ್ಗದಲ್ಲಿ ರೈಲಿದೆ. ಹಿರೇಬೆಣಕಲ್ಲಿಗೆ ಮಾತ್ರ ಬಿಸಿಲೇರುವ ಮೊದಲೇ ಹತ್ತಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ನೀರು ಧಾರಾಳ ಇರಲಿ. ಇಷ್ಟೆಲ್ಲ ನೋಡಿ ಮುಗಿಸುವಷ್ಟರಲ್ಲಿ ಕುಕನೂರಿನ ನವಲಿಂಗ ಗುಡಿ, ಕುಷ್ಟಗಿ ಕಡೆಯ ಪುರದ ಕೋಟಿಲಿಂಗ, ಕಣ್ಣಿದ್ದವರು ನೋಡಲೇಬೇಕೆಂದು ಗಾದೆಯೇ ಇರುವ ಕನಕಗಿರಿ ಉಳಿದಿರುತ್ತವೆ. ಅವಕ್ಕಾಗಿ ಮತ್ತೊಮ್ಮೆ ಬನ್ನಿ.